ಮೂಲನಿವಾಸಿಗಳ ಪುರಾಣಕಥೆಯಿಂದ ಸ್ಟ್ರಿಂಗ್ ಕ್ವಾರ್ಟೆಟ್: ಹಾಡಿನ ಧಾಟಿಯನ್ನು ತೆಗೆದುಕೊಳ್ಳಬೇಕೆ, ಕಥೆಯ ನಡೆಯನ್ನೆ?

ಮಂದ್ರ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಎರಡು ವಯೊಲಿನ್, ಒಂದು ವಿಯೋಲ ಮತ್ತು ಒಂದು ಚೆಲ್ಲೊ ಸೇರಿ ನುಡಿಸುವ, ಸುಮಾರು ಹದಿನೆಂಟು ನಿಮಿಷದ ಸ್ಟ್ರಿಂಗ್ ಕ್ವಾರ್ಟೆಟ್ ಕೃತಿಯೊಂದನ್ನು ಒಂದೂವರೆ ವರ್ಷದಿಂದ ರಚಿಸುತ್ತಿದ್ದೇನೆ. ಅದಕ್ಕೆ ಆಧಾರವಾಗಿರುವುದು ನನ್ನ ತಾಯಿಯ ಕಡೆಯವರ ಸೃಷ್ಟಿಕಥೆ. ಅವರು ಮೂಲನಿವಾಸಿ ಸಮುದಾಯವೊಂದಕ್ಕೆ ಸೇರಿದವರು. ಹಿರಿಯರ ಒಪ್ಪಿಗೆ ಇನ್ನೂ ಪೂರ್ತಿಯಾಗಿ ಸಿಕ್ಕಿಲ್ಲವಾದ್ದರಿಂದ ಸಮುದಾಯದ ಹೆಸರನ್ನಾಗಲಿ, ಕಥೆಯ ವಿವರಗಳನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಕಥೆಯ ನಡೆಯನ್ನಷ್ಟೇ ಹೇಳಬಲ್ಲೆ: ಕತ್ತಲಲ್ಲಿ ಒಬ್ಬಳು ಕರೆಯುತ್ತಾಳೆ, ಮೂವರು ಓಗೊಡಬೇಕು, ಇಬ್ಬರು ಓಗೊಡುತ್ತಾರೆ, ಮೂರನೆಯವಳ ಉತ್ತರ ಬರುವುದೇ ಇಲ್ಲ.

ಮೊದಲ ಕರಡಿನಲ್ಲಿ ನಾನು ಮಾಡಿದ್ದು ಇಷ್ಟು. ಅಜ್ಜಿ ಹಾಡಿದ ನಾಲ್ಕು ನಿಮಿಷದ ಹಾಡು ನನ್ನ ಫೋನಿನಲ್ಲಿತ್ತು. ಅದನ್ನು ಸ್ವರಲಿಪಿಗೆ ಇಳಿಸಿ, ನಾಲ್ಕು ಎಣಿಕೆಯ ಗತಿಗೆ ಕೂರಿಸಿ, ಮೊದಲ ವಯೊಲಿನ್‌ಗೆ ಕೊಟ್ಟೆ. ಉಳಿದ ಮೂರು ವಾದ್ಯಗಳು ಅದಕ್ಕೆ ಹಾರ್ಮನಿ (ಧಾಟಿಯ ಜೊತೆಗೇ ನುಡಿಯುವ ಬೇರೆ ಸ್ವರಗಳು) ಒದಗಿಸುತ್ತಿದ್ದವು. ಅಭ್ಯಾಸದ ದಿನ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆ. ಪೂರ್ತಿ ಕೇಳಿದ ಮೇಲೆ ಅವರು ಎರಡು ಮಾತು ಹೇಳಿದರು. ಒಂದು, "ಅವಳು ಉಸಿರು ತೆಗೆದುಕೊಳ್ಳುವ ಜಾಗವನ್ನೆಲ್ಲ ಮುಚ್ಚಿಬಿಟ್ಟಿದ್ದೀಯಲ್ಲ, ಮಗಾ." ಇನ್ನೊಂದು, "ಇದನ್ನು ಈ ಕಾಲದಲ್ಲಿ ಹಾಡುವುದಿಲ್ಲ."

ಎರಡೂ ಮಾತು ನನ್ನನ್ನು ಬಿಟ್ಟಿಲ್ಲ. ಕರಡನ್ನು ಪಕ್ಕಕ್ಕಿಟ್ಟಿದ್ದೇನೆ. ಅಜ್ಜಿಯ ಹಾಡನ್ನು ಬಿಟ್ಟುಬಿಟ್ಟರೆ ಕೃತಿಯಲ್ಲಿ ನಮ್ಮದು ಎನ್ನುವುದು ಏನು ಉಳಿಯುತ್ತದೆ? ಇಟ್ಟುಕೊಂಡರೆ ಯಾವ ಹಕ್ಕಿನಿಂದ ಇಟ್ಟುಕೊಳ್ಳಲಿ? ಈ ದಾರಿಯಲ್ಲಿ ನಡೆದವರು ಅಥವಾ ಅಂಥ ಕೃತಿಗಳನ್ನು ನುಡಿಸಿದವರು ದಯವಿಟ್ಟು ಹೇಳಬೇಕು.

ನಾಲ್ಕನೇ ತಂತಿ ಬರೆದಿದ್ದಾರೆ:

ಮಂದ್ರ ಅವರೇ, ನಾನು ವಿಯೋಲ ನುಡಿಸುತ್ತೇನೆ, ರಚನಕಾರನಲ್ಲ. ಆದರೂ ನಿಮ್ಮ ದೊಡ್ಡಮ್ಮನವರ ಮೊದಲ ಮಾತು ನುಡಿಸುವವರಿಗೆ ತಕ್ಷಣ ಅರ್ಥವಾಗುವಂಥದ್ದು. ಸ್ವರಲಿಪಿಯನ್ನು ಸಮನಾದ ಎಣಿಕೆಗಳಿಗೆ ಭಾಗಿಸುವ ಬಾರ್ ಗೆರೆ ಎಳೆದ ಕೂಡಲೇ ಉಸಿರು ಲೆಕ್ಕಕ್ಕೆ ಸಿಕ್ಕಿಬೀಳುತ್ತದೆ. ಹಾಡುವವರು ಸಾಲಿನ ಕೊನೆಯಲ್ಲಿ ಒಮ್ಮೆ ಅರ್ಧ ಎಣಿಕೆ, ಒಮ್ಮೆ ಎರಡೂವರೆ ಎಣಿಕೆ ನಿಲ್ಲುತ್ತಾರೆ. ನಾವು ಅದನ್ನು ತಪ್ಪೆಂದು ತಿಳಿದು ಸರಿಪಡಿಸಿಬಿಡುತ್ತೇವೆ. ತಿದ್ದಿದ ಮೇಲೆ ಉಳಿಯುವುದು ಸ್ವರಗಳ ಸಾಲು ಮಾತ್ರ. ಹಾಡಿದವರು ಅದರಿಂದ ಹೊರಗೆ ಹೋಗಿರುತ್ತಾರೆ.

ಗೇಬ್ರಿಯೆಲಾ ಲೀನಾ ಫ್ರ್ಯಾಂಕ್ ಅವರು 2001ರಲ್ಲಿ ಸ್ಟ್ರಿಂಗ್ ಕ್ವಾರ್ಟೆಟ್‌ಗೆ ಬರೆದ 'ಲೆಯೆಂಡಾಸ್: ಆ್ಯನ್ ಆ್ಯಂಡಿಯನ್ ವಾಕ್‌ಅಬೌಟ್' ಕೃತಿಯನ್ನು ನೀವು ಸ್ಕೋರ್ (ಬರೆದ ಸ್ವರಲಿಪಿ) ಹಿಡಿದು ಕೇಳಬೇಕು. ಅವರ ತಾಯಿಯ ಮೂಲ ಪೆರು. ಆರು ಭಾಗಗಳ ಈ ಕೃತಿಯಲ್ಲಿ ಆಂಡೀಸ್ ಬೆಟ್ಟಸಾಲಿನ ವಾದ್ಯಗಳ ದನಿ ತಂತಿಗಳಿಗೆ ಬಂದಿದೆ, ಆದರೆ ಬಂದ ರೀತಿ ಬಹಳ ಸೂಕ್ಷ್ಮವಾದದ್ದು. ಎರಡನೆಯ ಭಾಗ 'ತಾರ್ಕೆಯಾದಾ' ನೋಡಿ. ತಾರ್ಕಾ ಎಂಬುದು ದಪ್ಪ ಮರದ ಕೊಳಲು. ಸ್ವರ ಒಡೆದು ಸೀಳುವಷ್ಟು ಬಿರುಸಾಗಿ ಅದನ್ನು ಊದುತ್ತಾರೆ, ಗುಂಪಿನಲ್ಲಿ ನುಡಿಸುವಾಗ ನಾಲ್ಕನೆಯ ಮತ್ತು ಐದನೆಯ ಸ್ವರಾಂತರಗಳಲ್ಲಿ ಜೊತೆಜೊತೆಯಾಗಿ ಸಾಗುತ್ತಾರೆ. ಆ ಸೀಳುದನಿಯನ್ನು ನಾಲ್ಕು ತಂತಿವಾದ್ಯಗಳಿಂದ ಹೊರಡಿಸಬೇಕಾದರೆ ನುಡಿಸುವವರು ಕಮಾನಿನ ಮೇಲೆ ಸಭ್ಯತೆಯ ಮಿತಿ ಮೀರಿ ಭಾರ ಹಾಕಬೇಕಾಗುತ್ತದೆ. ಕಲಿಕೆಯ ವರ್ಷಗಳಲ್ಲಿ ಯಾವ ದನಿಯನ್ನು ಹೊರಡಿಸಬಾರದೆಂದು ಗುರುಗಳು ತಿದ್ದುತ್ತಾರೋ ಅದೇ ದನಿ ಇಲ್ಲಿ ಬೇಕು.

ಮೂರನೆಯ ಭಾಗ ನಿಮಗೆ ಇನ್ನೂ ಹತ್ತಿರದ್ದು. ಬೊಂಬಿನ ಕೊಳವೆಗಳನ್ನು ಸಾಲಾಗಿ ಜೋಡಿಸಿದ ಆಂಡೀಸ್‌ನ ಕೊಳಲುಗಳನ್ನು (ಪ್ಯಾನ್‌ಪೈಪ್) ಜೋಡಿಯಾಗಿ ನುಡಿಸುವುದೇ ಸಂಪ್ರದಾಯ. ಒಂದರ ಹೆಸರು ಇರಾ, ಇನ್ನೊಂದರದು ಆರ್ಕಾ. ಸ್ವರಶ್ರೇಣಿಯ ಒಂದು ಬಿಟ್ಟು ಒಂದು ಸ್ವರ ಮೊದಲನೆಯವರ ಕೈಯಲ್ಲಿದ್ದರೆ, ಉಳಿದವು ಎರಡನೆಯವರ ಕೈಯಲ್ಲಿರುತ್ತವೆ. ಹೀಗಾಗಿ ಒಬ್ಬರೇ ನಿಂತು ಧಾಟಿಯನ್ನು ಪೂರ್ತಿಯಾಗಿ ನುಡಿಸಲು ಸಾಧ್ಯವೇ ಇಲ್ಲ; ಒಬ್ಬರು ಬಿಟ್ಟ ಜಾಗಕ್ಕೆ ಇನ್ನೊಬ್ಬರ ಉಸಿರು ಬರಬೇಕು. ಫ್ರ್ಯಾಂಕ್ ಈ ಭಾಗದಲ್ಲಿ ಆ ಹಂಚಿಕೆಯನ್ನೇ ಆಧಾರ ಮಾಡಿಕೊಂಡಿದ್ದಾರೆ. ಚೇಂಬರ್ ಸಂಗೀತವೆಂದರೆ ಇದೇ ಅಲ್ಲವೇ? ನಾಯಕನಿಲ್ಲದ ನಾಲ್ವರು, ಒಬ್ಬರ ಕಣ್ಣನ್ನು ಒಬ್ಬರು ನೋಡುತ್ತ, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುತ್ತ ನುಡಿಸುವುದು. ನಿಮ್ಮ ಕಥೆಯಲ್ಲೂ ನಾಲ್ವರಿದ್ದಾರೆ. ಧಾಟಿಯನ್ನು ಮೊದಲ ವಯೊಲಿನ್‌ಗೆ ಕೊಟ್ಟು ಉಳಿದವರನ್ನು ಹಿನ್ನೆಲೆಗೆ ತಳ್ಳಿದಾಗ ಕಥೆಯ ನಡೆಯೇ ಕೈತಪ್ಪಿತು ಎಂದು ನನಗೆ ಅನ್ನಿಸುತ್ತದೆ.

ಧ್ವನಿಸಂಗ್ರಹ ಬರೆದಿದ್ದಾರೆ:

ನಾನು ಹಳೆಯ ಧ್ವನಿಮುದ್ರಣಗಳ ನಡುವೆ ಕೆಲಸ ಮಾಡಿದವಳು. ಎರಡನೆಯ ಮಾತಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಸಂಗೀತಗಾರರು ಅದನ್ನು ಬೇಗ ದಾಟಿಬಿಡುತ್ತಾರೆ.

ಕೆನಡಾದಲ್ಲಿ ನಡೆದ ಒಂದು ಪ್ರಸಂಗವನ್ನು ತಿಳಿದಿರುವುದು ಒಳ್ಳೆಯದು. 1927ರಲ್ಲಿ ಮಾರಿಯಸ್ ಬಾರ್ಬೊ ಮತ್ತು ಅರ್ನೆಸ್ಟ್ ಮ್ಯಾಕ್‌ಮಿಲನ್ ನಾಸ್ ನದಿಯ ಕಣಿವೆಗೆ ಹೋಗಿ ನಿಸ್ಗಾ ಜನರ ಹಾಡುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಒಂದು ಶೋಕಗೀತೆ. ನಿಸ್ಗಾ ಪದ್ಧತಿಯಲ್ಲಿ ಅಂಥ ಹಾಡು ಒಂದು ಮನೆತನದ ಸ್ವತ್ತು. ಅದನ್ನು ಹಾಡುವ ಹಕ್ಕು ವಂಶದಿಂದ ಬರುತ್ತದೆ, ಹಾಡುವ ಸಂದರ್ಭವೂ ಗೊತ್ತುಪಡಿಸಿದ್ದು. ನಲವತ್ತು ವರ್ಷಗಳ ಬಳಿಕ, 1967ರಲ್ಲಿ, ಹ್ಯಾರಿ ಸೋಮರ್ಸ್ ತಮ್ಮ 'ಲೂಯಿ ರಿಯೆಲ್' ಒಪೆರಾದಲ್ಲಿ ಆ ಧಾಟಿಗೆ ಕ್ರೀ ಭಾಷೆಯ ಮಾತುಗಳನ್ನು ಜೋಡಿಸಿ ತಾಯಿಯೊಬ್ಬಳು ಮಗುವಿಗೆ ಹಾಡುವ ಲಾಲಿಯನ್ನಾಗಿ ಮಾಡಿದರು. ಒಂದು ಜನರ ಶೋಕಗೀತೆ ಇನ್ನೊಂದು ಜನರ ನುಡಿಯಲ್ಲಿ ಜೋಗುಳವಾಯಿತು, ಯಾರನ್ನೂ ಕೇಳದೆ. 2017ರ ಮರುಪ್ರದರ್ಶನದ ಹೊತ್ತಿಗೆ ಈ ವಿಷಯ ಬಹಿರಂಗವಾಗಿ ಚರ್ಚೆಗೆ ಬಂತು. ಕೊನೆಗೆ 2019ರಲ್ಲಿ ಮೆಟಿ ಸಮುದಾಯದ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರಮೂಲದ ಕೆನಡಾದ ಜನ) ರಚನಕಾರ ಇಯನ್ ಕುಸನ್ ಆ ಜಾಗಕ್ಕೆ ಹೊಸ ಹಾಡೊಂದನ್ನು ರಚಿಸಿಕೊಟ್ಟರು. ಸೋಮರ್ಸ್ ಅವರ ಸಂಗೀತ ಸುಂದರವಾಗಿತ್ತು ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಸುಂದರವಾಗಿದ್ದರಿಂದಲೇ ಅಷ್ಟು ವರ್ಷ ಯಾರೂ ಪ್ರಶ್ನಿಸದೆ ಹೋದರು.

ಕಾಲದ ವಿಷಯಕ್ಕೆ ಬಂದರೆ, ಡಿನೆ ಜನರಲ್ಲಿ (ನವಾಹೋ ಎಂದು ಹೊರಗಿನವರು ಕರೆಯುವವರು) ಕಯೋಟಿಯ (ತೋಳದ ಜಾತಿಯ ಪ್ರಾಣಿ) ಕಥೆಗಳನ್ನು ಚಳಿಗಾಲದಲ್ಲಿ ಮಾತ್ರ ಹೇಳುತ್ತಾರೆ. ನಿಮ್ಮ ದೊಡ್ಡಮ್ಮ "ಈ ಕಾಲದಲ್ಲಿ ಹಾಡುವುದಿಲ್ಲ" ಎಂದಾಗ ಅವರು ನಿಮ್ಮ ಕೃತಿಯನ್ನು ನಿರಾಕರಿಸಲಿಲ್ಲ. ಆ ಹಾಡಿನ ನಿಜವಾದ ಸ್ವರಲಿಪಿಯಲ್ಲಿ ಇರಬೇಕಾದ ಒಂದು ಸೂಚನೆಯನ್ನು ನಿಮಗೆ ಕೊಟ್ಟರು. ಗತಿ ಎಷ್ಟು, ಶ್ರುತಿ ಯಾವುದು ಎಂಬುದರ ಜೊತೆಗೆ ಯಾವ ಋತು ಎಂಬುದೂ ಅಲ್ಲಿ ಸಂಗೀತದ ಭಾಗ.

ಇನ್ನೊಂದು ಮಾತು. ಫೋನಿನಲ್ಲಿರುವ ಆ ಧ್ವನಿಮುದ್ರಣವನ್ನು ಯಾರಿಗೂ ಕಳುಹಿಸಬೇಡಿ. 1890ರಲ್ಲಿ ಜೆಸ್ಸಿ ಫ್ಯೂಕ್ಸ್ ಮೇಯ್ನ್ ರಾಜ್ಯದಲ್ಲಿ ಪಾಸಮಕ್ವಾಡಿ ಜನರ ಹಾಡುಗಳನ್ನು ಮೇಣದ ಸಿಲಿಂಡರುಗಳಲ್ಲಿ ಮುದ್ರಿಸಿಕೊಂಡರು. ಜನರಿರುವಲ್ಲಿಗೇ ಹೋಗಿ ಮಾಡಿದ ಅತ್ಯಂತ ಮೊದಲ ಧ್ವನಿಮುದ್ರಣಗಳು ಅವು. ಯಾವುದನ್ನು ಯಾರು ಕೇಳಬಹುದು ಎಂದು ಆ ಜನರೇ ಹೇಳುವ ಸ್ಥಿತಿ ಬರುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ತೆರೆದ ಕಿವಿ ಬರೆದಿದ್ದಾರೆ:

ಮೇಲಿನ ಎರಡೂ ಉತ್ತರಗಳನ್ನು ಗೌರವದಿಂದ ಓದಿದೆ. ಆದರೂ ಒಂದು ಆಕ್ಷೇಪವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ.

ಹೀಗೆ ಪ್ರತಿ ಸ್ವರಕ್ಕೂ ಅನುಮತಿ ಕೇಳುತ್ತ ಹೋದರೆ ರಚನಕಾರರ ಕಲ್ಪನೆಗೆ ಉಸಿರಾಡಲು ಜಾಗವೆಲ್ಲಿ? ಮೆಕ್ಸಿಕೊದ ರಚನಕಾರ ಕಾರ್ಲೋಸ್ ಚಾವೆಸ್ 1940ರಲ್ಲಿ 'ಷೋಚಿಪಿಲಿ' ಬರೆದರು. ಷೋಚಿಪಿಲಿ ಎಂದರೆ ಅಸ್ಟೆಕರ ಸಂಗೀತ ಮತ್ತು ಹೂವುಗಳ ದೇವರು. ನಾಲ್ಕು ಊದುವಾದ್ಯ, ಆರು ಮಂದಿ ತಾಳವಾದ್ಯದವರು. ಶಂಖದ ದನಿಗಾಗಿ ಟ್ರಾಂಬೋನ್ ಬಳಸಿದರು. ಸ್ಪೇನಿನವರು ಬರುವ ಮುಂಚಿನ ಅಸ್ಟೆಕ್ ಸಂಗೀತ ಹೇಗಿತ್ತೆಂದು ತೋರಿಸುವ ಸ್ವರಲಿಪಿ ಉಳಿದಿರಲಿಲ್ಲ. ಹಾಗಾಗಿ ಅವರು ಉಪಶೀರ್ಷಿಕೆಯಲ್ಲೇ 'ಕಲ್ಪಿಸಿಕೊಂಡ ಅಸ್ಟೆಕ್ ಸಂಗೀತ' ಎಂದು ಬರೆದುಬಿಟ್ಟರು. ಅದು ಪ್ರಾಮಾಣಿಕತೆಯಲ್ಲವೇ? ಚೆಕ್ ರಚನಕಾರ ಡ್ವೊರಾಕ್ 1893ರ ಬೇಸಿಗೆಯಲ್ಲಿ ಅಮೆರಿಕದ ಅಯೋವಾ ರಾಜ್ಯದ ಸ್ಪಿಲ್‌ವಿಲ್‌ನಲ್ಲಿ ಕುಳಿತು ಕೆಲವೇ ದಿನಗಳಲ್ಲಿ ಎಫ್ ಮೇಜರ್ ಕ್ವಾರ್ಟೆಟ್ಟಿನ ಕರಡನ್ನು ಮುಗಿಸಿದರು. ಅದರ ಐದು ಸ್ವರದ ಧಾಟಿಗಳಲ್ಲಿ ಅಮೆರಿಕದ ನೆಲದ ದನಿ ಇದೆ ಎಂದು ಕೇಳುಗರು ಇಂದಿಗೂ ಪ್ರೀತಿಯಿಂದ ಹೇಳುತ್ತಾರೆ. ಸಂಗೀತ ಒಬ್ಬರಿಂದ ಒಬ್ಬರಿಗೆ ಹರಿಯುತ್ತಲೇ ಬಂದಿದೆ. ಮಂದ್ರ ಅವರು ಹೊರಗಿನವರೂ ಅಲ್ಲ, ಅದೇ ಅಜ್ಜಿಯ ಮೊಮ್ಮಗಳು. ಅವರಿಗೂ ಹಕ್ಕಿಲ್ಲವೆಂದರೆ ಆ ಹಾಡು ಅಜ್ಜಿಯೊಂದಿಗೇ ಮುಗಿದುಹೋಗಬೇಕೆ?

ನಾಲ್ಕನೇ ತಂತಿ ಬರೆದಿದ್ದಾರೆ:

ತೆರೆದ ಕಿವಿ ಅವರೇ, ಚಾವೆಸ್ ಬಗ್ಗೆ ನಿಮ್ಮ ಮಾತು ಸರಿ. ಕಲ್ಪನೆಯನ್ನು ಕಲ್ಪನೆಯೆಂದೇ ಕರೆದವರ ಮೇಲೆ ನನ್ನ ತಕರಾರಿಲ್ಲ. ಡ್ವೊರಾಕ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಐದು ಸ್ವರದ ಶ್ರೇಣಿ ಸ್ಕಾಟ್ಲೆಂಡಿನಲ್ಲಿದೆ, ಚೀನಾದಲ್ಲಿದೆ, ಪೂರ್ವ ಯುರೋಪಿನಲ್ಲಿದೆ, ಆಂಡೀಸ್‌ನಲ್ಲಿದೆ. ಅದನ್ನು ಕೇಳಿದ ಕೂಡಲೇ 'ಮೂಲನಿವಾಸಿಗಳ ದನಿ' ಎಂದು ತಲೆದೂಗುವುದು ಕೇಳುಗರ ಅಭ್ಯಾಸಬಲ. ರಚನಕಾರರು ಈ ಅಭ್ಯಾಸವನ್ನೇ ನೆಚ್ಚಿಕೊಂಡರೆ ಐದು ಸ್ವರ, ಒಂದು ಡೋಲಿನ ಬಡಿತ, ಮೇಲೊಂದು ಕೊಳಲು ಎಂಬ ಸಿದ್ಧ ಪಾಕ ಕೈಗೆ ಬರುತ್ತದೆ, ಯಾವ ಜನರ ಕಥೆಯಾದರೂ ಅದರಲ್ಲಿ ಒಂದೇ ರುಚಿಯಾಗುತ್ತದೆ.

ಹಾರ್ಮನಿಯ ವಿಷಯವೂ ಹಾಗೆಯೇ. 1893ರಲ್ಲಿ ಆಲಿಸ್ ಫ್ಲೆಚರ್ ಅವರು ಒಮಾಹಾ ಸಮುದಾಯದವರೇ ಆದ ಫ್ರಾನ್ಸಿಸ್ ಲಾ ಫ್ಲೆಷ್ ಅವರ ನೆರವಿನಿಂದ ಒಮಾಹಾ ಹಾಡುಗಳ ಸಂಗ್ರಹವನ್ನು ಪ್ರಕಟಿಸಿದಾಗ, ಜಾನ್ ಫಿಲ್ಮೋರ್ ಎಂಬವರು ಆ ಹಾಡುಗಳಿಗೆ ಪಿಯಾನೊ ಹಾರ್ಮನಿಯನ್ನು ಸೇರಿಸಿದರು. ಹಾಡುಗಳ ಒಳಗೆ ಆ ಹಾರ್ಮನಿ ಅಡಗಿಯೇ ಇತ್ತು ಎಂದು ಅವರು ನಂಬಿದ್ದರು. ಅದನ್ನು ನೆನೆದಾಗ ಮಂದ್ರ ಅವರ ಮೊದಲ ಕರಡಿನ ಮೂರು ಜೊತೆವಾದ್ಯಗಳು ನನ್ನ ಕಣ್ಣ ಮುಂದೆ ಬರುತ್ತವೆ.

ಹಾಡು ಅಜ್ಜಿಯೊಂದಿಗೆ ಮುಗಿದುಹೋಗಬೇಕೆ ಎಂದು ಕೇಳಿದ್ದೀರಿ. ಹಾಡು ಉಳಿಯಬೇಕಾದರೆ ಅದನ್ನು ಹಾಡುವವರು ಉಳಿಯಬೇಕು. ಮಂದ್ರ ಅವರು ದೊಡ್ಡಮ್ಮನ ಎದುರು ಕುಳಿತು ಹಾಡನ್ನು ಕಲಿತು, ಹಾಡಬೇಕಾದ ಕಾಲದಲ್ಲಿ ಹಾಡಲಿ. ಕ್ವಾರ್ಟೆಟ್ ಬೇರೆಯೇ ಕೆಲಸ.

ಕೊಳಲುಗಾರ ಬರೆದಿದ್ದಾರೆ:

ಪುರಾಣ ಮತ್ತು ವಾದ್ಯ ಒಂದೇ ಆಗಿರುವ ಒಂದು ಉದಾಹರಣೆಯನ್ನು ಸೇರಿಸುತ್ತೇನೆ, ಏಕೆಂದರೆ ನನ್ನ ಯೋಚನೆಯನ್ನು ಅದು ತುಂಬ ಬದಲಿಸಿತು.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲಿ ಹಿನೆ ರೌಕತೌರಿ ಎಂಬವಳು ಕೊಳಲಿನ ಸಂಗೀತದ ದೇವತೆ. ಗೂಡಿನ ಪತಂಗದ ರೂಪದಲ್ಲಿ ಅವಳಿದ್ದಾಳೆ. ಈ ಪತಂಗದ ಹೆಣ್ಣಿಗೆ ರೆಕ್ಕೆಯಿಲ್ಲ. ತಾನೇ ನೇಯ್ದ, ಎರಡು ತುದಿಯಲ್ಲಿ ಸಣ್ಣದಾಗಿ ನಡುವೆ ಉಬ್ಬಿದ ಚೀಲದಂಥ ಗೂಡಿನೊಳಗೇ ಬದುಕನ್ನೆಲ್ಲ ಕಳೆದು, ಅಲ್ಲಿಂದಲೇ ಗಂಡನ್ನು ಕರೆಯುತ್ತದೆ. ಪೂತೋರಿನೊ ಎಂಬ ಮಾವೊರಿ ವಾದ್ಯದ ಆಕಾರ ಆ ಗೂಡಿನದೇ. ಮರದ ತುಂಡನ್ನು ಉದ್ದಕ್ಕೆ ಸೀಳಿ, ಒಳಗನ್ನು ಕೊರೆದು, ಎರಡು ಹೋಳನ್ನು ಮತ್ತೆ ಸೇರಿಸಿ ಬಿಗಿಯಾಗಿ ಕಟ್ಟುತ್ತಾರೆ. ಒಂದೇ ವಾದ್ಯವನ್ನು ಕಹಳೆಯಂತೆ ಊದಿದರೆ ಗಂಡುದನಿ, ಕೊಳಲಿನಂತೆ ಊದಿದರೆ ಹೆಣ್ಣುದನಿ. ಮಾವೊರಿ ವಾದ್ಯಗಳನ್ನು ನುಡಿಸುವ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿ ಬಹುಮಟ್ಟಿಗೆ ಮರೆಯಾಗಿತ್ತು. ಹಿರಿನಿ ಮೆಲ್ಬೋರ್ನ್, ರಿಚರ್ಡ್ ನನ್ಸ್ ಮತ್ತು ಕೆತ್ತನೆಗಾರ ಬ್ರಯಾನ್ ಫ್ಲಿಂಟಾಫ್ ಅವರು ಹಿರಿಯರ ನೆನಪುಗಳನ್ನು ಕೇಳಿ ಕೇಳಿ ಅದಕ್ಕೆ ಮತ್ತೆ ದನಿ ಕೊಟ್ಟರು.

ರಚನಕಾರ್ತಿ ಗಿಲಿಯನ್ ವೈಟ್‌ಹೆಡ್ ಅವರಿಗೆ ಮಾವೊರಿ ಮೂಲವಿದೆ. ರಿಚರ್ಡ್ ನನ್ಸ್ ಅವರೊಂದಿಗೆ ಕೆಲಸ ಮಾಡಿ ಅವರು 'ಹಿನೆರೌಕತೌರಿ' ಎಂಬ ಕೃತಿಯನ್ನು ರಚಿಸಿದರು. ಅದರಲ್ಲಿ ಪಾಶ್ಚಾತ್ಯ ಕೊಳಲಿನವರ ಪಾಲನ್ನು ಸ್ವರಲಿಪಿಯಲ್ಲಿ ಬರೆದಿದ್ದಾರೆ; ಮಾವೊರಿ ವಾದ್ಯಗಳ ಪಾಲನ್ನು ನುಡಿಸುವವರು ಆ ಹೊತ್ತಿನಲ್ಲೇ ಕಟ್ಟಿಕೊಳ್ಳುತ್ತಾರೆ. ನಾನು ಅದನ್ನು ಅಭ್ಯಾಸ ಮಾಡಲು ಕುಳಿತಾಗ ನನ್ನ ಪುಟದಲ್ಲಿ ಎಲ್ಲವೂ ಬರೆದಿತ್ತು, ಎದುರಿನವರು ಏನು ನುಡಿಸುತ್ತಾರೆಂದು ಮಾತ್ರ ತಿಳಿದಿರಲಿಲ್ಲ. ಎಣಿಸುವುದನ್ನು ಬಿಟ್ಟು ಕೇಳಬೇಕಾಯಿತು. ಸ್ವರಲಿಪಿಗೆ ಇಳಿಯದ್ದನ್ನು ಇಳಿಸದೆ ಬಿಡುವುದೂ ರಚನೆಯೇ ಎಂದು ನನಗೆ ಆಗ ತಿಳಿಯಿತು.

ಆಸ್ಟ್ರೇಲಿಯಾದಲ್ಲಿ ಧರುಗ್ ಮೂಲದ ಕ್ರಿಸ್ಟೋಫರ್ ಸೇನ್ಸ್‌ಬರಿ 2016ರಲ್ಲಿ ಆರಂಭಿಸಿದ ಮೂಲನಿವಾಸಿ ರಚನಕಾರರ ತರಬೇತಿ ಕಾರ್ಯಕ್ರಮಕ್ಕೆ 'ಙಾರಾ ಬುರಿಯಾ' ಎಂದು ಹೆಸರು. ಧರುಗ್ ನುಡಿಯಲ್ಲಿ ಮೊದಲ ಪದಕ್ಕೆ ಕೇಳುವುದು, ಎರಡನೆಯದಕ್ಕೆ ಹಾಡುವುದು ಎಂದರ್ಥ. ಪದಗಳ ಆ ಕ್ರಮ ನನಗೆ ಬಹಳ ಇಷ್ಟ.

ಮಂದ್ರ ಬರೆದಿದ್ದಾರೆ:

ಎಲ್ಲರ ಉತ್ತರಗಳನ್ನೂ ಹಲವು ಸಲ ಓದಿದೆ. ತೆರೆದ ಕಿವಿ ಅವರೇ, ನನಗೂ ಹಕ್ಕಿಲ್ಲವೇ ಎಂದು ನೀವು ಕೇಳಿದ್ದು ನನ್ನದೇ ಮನಸ್ಸಿನ ಪ್ರಶ್ನೆ. ಒಂದು ವಾರ ಅದನ್ನೇ ಇಟ್ಟುಕೊಂಡು ದೊಡ್ಡಮ್ಮನ ಮನೆಯಲ್ಲಿ ಉಳಿದೆ. ಅವರು ನೇರವಾಗಿ ಉತ್ತರಿಸಲಿಲ್ಲ. "ನಿನಗೆ ಹಾಡಲು ಬರುತ್ತದೆಯೇ?" ಎಂದು ಕೇಳಿದರು. ಬರುವುದಿಲ್ಲವೆಂದೆ. ಸ್ವರಗಳೆಲ್ಲ ನನಗೆ ಗೊತ್ತು, ಬರೆದಿಟ್ಟಿದ್ದೇನೆ, ಆದರೆ ಮೊದಲ ಸಾಲನ್ನು ದಾಟಿ ಹಾಡಲು ನಿಜವಾಗಿಯೂ ಬರುವುದಿಲ್ಲ. ಈಗ ಕಲಿಯುತ್ತಿದ್ದೇನೆ.

ಕ್ವಾರ್ಟೆಟ್‌ನಿಂದ ಹಾಡನ್ನು ತೆಗೆದಿದ್ದೇನೆ. ಈಗಿನ ತೊಡಕು ಬೇರೆ. ಉತ್ತರ ಕೊಡದ ಮೂರನೆಯವಳನ್ನು ಹೇಗೆ ಬರೆಯಲಿ? ಎರಡನೇ ವಯೊಲಿನ್‌ಗೆ ಸುಮ್ಮನೆ ವಿರಾಮಚಿಹ್ನೆಗಳನ್ನು ಬರೆದುಕೊಟ್ಟರೆ ಕೇಳುವವರಿಗೆ ಅವರು ತಮ್ಮ ಸರದಿಗಾಗಿ ಕಾಯುತ್ತಿದ್ದಾರೆ ಎಂದಷ್ಟೇ ತೋರುತ್ತದೆ. ಉತ್ತರ ಬಾರದಿರುವುದು ಕಿವಿಗೆ ಕೇಳಿಸಬೇಕು.

ನಾಲ್ಕನೇ ತಂತಿ ಬರೆದಿದ್ದಾರೆ:

ರೇವನ್ ಚಕೋನ್ ಅವರ 'ದ ಜರ್ನಿ ಆಫ್ ದ ಹಾರಿಜಾಂಟಲ್ ಪೀಪಲ್' ಕ್ವಾರ್ಟೆಟ್ ಅನ್ನು ನೋಡಿ. ಚಕೋನ್ ಡಿನೆ ರಚನಕಾರರು. 2022ರಲ್ಲಿ ಸಂಗೀತಕ್ಕೆ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಮೂಲನಿವಾಸಿ ಅಮೆರಿಕನ್ ಅವರೇ. ಈ ಕ್ವಾರ್ಟೆಟ್ ಅನ್ನು ಕ್ರೋನೋಸ್ ಕ್ವಾರ್ಟೆಟ್‌ನ 'ಫಿಫ್ಟಿ ಫಾರ್ ದ ಫ್ಯೂಚರ್' ಯೋಜನೆಗಾಗಿ ಬರೆದರು. ಆ ಯೋಜನೆಯ ಸ್ಕೋರ್‌ಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವರು ಹಳೆಯ ಸೃಷ್ಟಿಕಥೆಯನ್ನು ತೆಗೆದುಕೊಳ್ಳದೆ, ಮುಂದೆಂದೋ ನಡೆಯಬಹುದಾದ ಸೃಷ್ಟಿಕಥೆಯೊಂದನ್ನು ತಾವೇ ಕಟ್ಟಿದರು. ಅದರ ಜನ ಪಶ್ಚಿಮದಿಂದ ಪೂರ್ವಕ್ಕೆ, ಸೂರ್ಯನ ಚಲನೆಗೆ ಎದುರಾಗಿ, ಬರೆದ ಪುಟದ ಉದ್ದಕ್ಕೂ ನಡೆಯುತ್ತಾರೆ. ಸ್ವರಲಿಪಿಯನ್ನು ಎಡದಿಂದ ಬಲಕ್ಕೆ ಓದುತ್ತೇವಲ್ಲ, ಆ ಓದೇ ಅವರ ಪ್ರಯಾಣ. ಕಥೆ ಕಾಗದದ ಮೇಲೆಯೇ ನಡೆಯುತ್ತದೆ, ಅದಕ್ಕೆ ಯಾರ ಧಾಟಿಯೂ ಬೇಕಾಗಲಿಲ್ಲ.

ನಿಮ್ಮ ತೊಡಕಿಗೆ ನುಡಿಸುವವನಾಗಿ ಒಂದು ಸಲಹೆ. ವಿರಾಮ ಕೇಳಿಸಬೇಕಾದರೆ ಮೊದಲು ಉತ್ತರದ ರೂಢಿಯಾಗಬೇಕು. ಚೆಲ್ಲೊ ಕರೆದಾಗಲೆಲ್ಲ ವಿಯೋಲ ಮೊದಲು, ಮೊದಲ ವಯೊಲಿನ್ ನಂತರ ಓಗೊಡಲಿ, ಪ್ರತಿ ಸಲವೂ ಅದೇ ಕ್ರಮದಲ್ಲಿ. ಬಳಿಕ ಎರಡನೇ ವಯೊಲಿನ್‌ನವರು ಕಮಾನನ್ನು ತಂತಿಯ ಮೇಲಿಟ್ಟು, ಎಳೆಯದೆ, ಒಂದು ಉಸಿರಿನಷ್ಟು ಹೊತ್ತು ಹಾಗೆಯೇ ಇರಲಿ. ಆ ಉಸಿರಿನ ಉದ್ದವನ್ನು ಎಣಿಕೆಯಲ್ಲಿ ಬರೆಯಬೇಡಿ. ಉಳಿದ ಮೂವರು ಅವರನ್ನು ನೋಡಿಯೇ ಮುಂದಿನ ಕರೆಯನ್ನು ಶುರುಮಾಡಬೇಕು. ಆಗ ಇಡೀ ಕೃತಿಯ ಗತಿ ನುಡಿಸದೇ ಇರುವವರ ಕೈಯಲ್ಲಿರುತ್ತದೆ.

ತೆರೆದ ಕಿವಿ ಬರೆದಿದ್ದಾರೆ:

ಕಲ್ಪನೆಯ ಸ್ವಾತಂತ್ರ್ಯದ ಬಗ್ಗೆ ನನ್ನ ನಿಲುವು ಈಗಲೂ ಅದೇ. ಆದರೆ ಮೇಲಿನ ಸಲಹೆಯನ್ನು ಓದಿದ ಮೇಲೆ, ಧಾಟಿಯನ್ನು ಬಿಟ್ಟುಕೊಟ್ಟರೆ ಕಲ್ಪನೆಗೆ ಜಾಗ ಕಡಿಮೆಯಾಗುತ್ತದೆ ಎಂಬ ನನ್ನ ಭಯ ತಪ್ಪೆಂದು ಒಪ್ಪುತ್ತೇನೆ.

ಧ್ವನಿಸಂಗ್ರಹ ಬರೆದಿದ್ದಾರೆ:

ಮಂದ್ರ ಅವರೇ, ಒಂದು ಕೋರಿಕೆ. ಕಾರ್ಯಕ್ರಮದ ಪತ್ರಿಕೆಯಲ್ಲಿ ಕಥೆಯನ್ನು ಎಷ್ಟು ಬರೆಯಬೇಕು ಎಂಬುದನ್ನೂ ದೊಡ್ಡಮ್ಮನವರನ್ನೇ ಕೇಳಿ ನಿರ್ಧರಿಸಿ. ಸಂಗೀತದಲ್ಲಿ ಕಾಪಾಡಿದ್ದನ್ನು ಎರಡು ಪ್ಯಾರಾ ಟಿಪ್ಪಣಿಯಲ್ಲಿ ಕಳೆದುಕೊಂಡ ಉದಾಹರಣೆಗಳನ್ನು ನೋಡಿದ್ದೇನೆ. ಪ್ರದರ್ಶನದ ತಿಂಗಳನ್ನೂ ಅವರಿಂದಲೇ ಗೊತ್ತುಮಾಡಿಸಿ, ಸ್ಕೋರಿನ ಮೊದಲ ಪುಟದಲ್ಲಿ ಗತಿಯ ಸೂಚನೆಯ ಪಕ್ಕದಲ್ಲೇ ಬರೆದಿಡಿ. ಮುಂದೆ ಬೇರೆ ಕ್ವಾರ್ಟೆಟ್‌ನವರು ನುಡಿಸುವಾಗ ಅದು ಅವರಿಗೂ ತಿಳಿಯಲಿ.

ಮಂದ್ರ ಬರೆದಿದ್ದಾರೆ:

ನಾಲ್ಕು ತಿಂಗಳ ಬಳಿಕ ಬರೆಯುತ್ತಿದ್ದೇನೆ. ಹೊಸ ಕರಡು ಮುಗಿದಿದೆ, ಈಗ ಹದಿನಾಲ್ಕು ನಿಮಿಷ. ಕರೆ ಚೆಲ್ಲೊದ್ದು. ಬಾರ್ ಗೆರೆಗಳಿಲ್ಲ. ಎರಡನೇ ವಯೊಲಿನ್‌ನವರು ಕಮಾನನ್ನು ತಂತಿಯ ಮೇಲಿಟ್ಟು ತಮ್ಮ ಉಸಿರಿನ ಅಳತೆಯಲ್ಲಿ ಕಾಯುತ್ತಾರೆ. ಹೀಗೆ ಒಂಬತ್ತು ಸಲ. ಒಂಬತ್ತನೆಯ ಸಲ ಕಮಾನಿನ ಕೂದಲು ತಂತಿಗೆ ತಾಗುವ ಸದ್ದು ಮಾತ್ರ ಬರುವಂತೆ ಬರೆದಿದ್ದೆ. ಅದನ್ನು ದೊಡ್ಡಮ್ಮ ತೆಗೆಸಿದರು. "ಅವಳು ಉತ್ತರ ಕೊಡುವುದಿಲ್ಲ ಎಂದಮೇಲೆ ಕೊಡುವುದಿಲ್ಲ" ಎಂದರು.

ಸ್ಕೋರಿನ ಮೊದಲ ಪುಟದಲ್ಲಿ ತಿಂಗಳುಗಳ ಹೆಸರು ಸೇರಿದೆ. ಟಿಪ್ಪಣಿಯಲ್ಲಿ ಕಥೆಯಿಲ್ಲ; ನಾಲ್ವರು, ಒಂದು ಕರೆ, ಇಷ್ಟೇ ಇದೆ. ಅಜ್ಜಿಯ ಹಾಡಿನಲ್ಲಿ ಮೂರು ಸಾಲು ನನಗೆ ಬಾಯಿಗೆ ಬಂದಿದೆ, ನಾಲ್ಕನೆಯದರಲ್ಲಿ ಉಸಿರು ಇನ್ನೂ ತಪ್ಪಿದ ಜಾಗದಲ್ಲಿ ಬೀಳುತ್ತಿದೆ. ಈ ವರ್ಷದ ಕಾಲ ಮುಗಿದಿರುವುದರಿಂದ ಅದನ್ನು ಮುಂದಿನ ವರ್ಷ ಕಲಿಸುವುದಾಗಿ ಹೇಳಿದ್ದಾರೆ.